ಪದಕದ ಅಂಚಿನ ಹೆಸರು

ಪೆಟ್ಟಿಗೆಯಲ್ಲಿ ಕೆಂಪು ವಸ್ತ್ರ ಇತ್ತು, ಪದಕ ಇರಲಿಲ್ಲ.

ಲತಾ ವಸ್ತ್ರ ಕೊಡವಿದಳು. ಪೆಟ್ಟಿಗೆಯನ್ನೇ ಬೋರಲು ಹಾಕಿದಳು. ಹಳೆಯ ಸೀರೆ ಎರಡು, ರೇಷನ್ ಕಾರ್ಡು, ಅಜ್ಜನ ಕಂಬಳಿ. ಅಷ್ಟೇ. ಚಿತ್ರದುರ್ಗದಿಂದ ಬೆಳಗಿನ ಬಸ್ಸು ಹಿಡಿದು ಐಮಂಗಲದಲ್ಲಿಳಿದು, ಲತಾಳ ಹಟ್ಟಿಯವರೆಗೂ ನಡೆದು ಬಂದಿದ್ದ ಜಂಪಣ್ಣ ಬಾಗಿಲಲ್ಲೇ ನಿಂತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

ಜಂಪಣ್ಣ ಪೊಲೀಸಿನವನಲ್ಲ. ಸೈನಿಕರ ಕಡತಗಳಿದ್ದ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ಯಾರ ತಾತ ಯಾವ ಯುದ್ಧಕ್ಕೆ ಹೋಗಿದ್ದ, ಯಾವ ಪದಕ ಬಂತು ಎಂದು ಕಾಗದದ ಜಾಡು ಹಿಡಿದು ಈಗಲೂ ಪತ್ತೆ ಮಾಡಿಕೊಡುತ್ತಿದ್ದ. ದುಡ್ಡಿಗಲ್ಲ. ಹೆಂಡತಿ ಕಮಲಮ್ಮ ತೀರಿಕೊಂಡು ಮೂರು ವರ್ಷ. ಮನೆಯಲ್ಲಿ ಮಾತಿಗೆ ಒಂದು ನರಪಿಳ್ಳೆಯಿಲ್ಲ. ಸತ್ತವರ ಕಡತವಾದರೂ ಏನೋ ಕೇಳುತ್ತದಲ್ಲ, ಅದಕ್ಕೆ.

ಲತಾ ತಾಳ್ಯದ ಹೈಸ್ಕೂಲಿನಲ್ಲಿ ಟೀಚರು. ಯುದ್ಧಕ್ಕೆ ಹೋದ ಸುತ್ತಿನ ಹಳ್ಳಿಯವರ ಹೆಸರು ಕೆತ್ತಿಸಿ ಊರ ಸಮಿತಿಯವರು ಹಟ್ಟಿಯ ಶಾಲೆಯ ಮುಂದೆ ಕಲ್ಲು ನಿಲ್ಲಿಸುತ್ತಿದ್ದರು. ಅಜ್ಜ ಕಾಟಲಿಂಗಪ್ಪ ಎಪ್ಪತ್ತೊಂದರ ಯುದ್ಧಕ್ಕೆ ಹೋಗಿದ್ದವನು, ಅವನ ಹೆಸರು ಅದರಲ್ಲಿ ಇರಲೇಬೇಕೆಂದು ಅವಳ ಹಟ. ಹೆಸರಿನ ಜೊತೆ ಪದಕದ ಅಂಚಿನಲ್ಲಿ ಕೊರೆದ ಸೈನಿಕನ ನಂಬರೂ ಕೊಡಬೇಕು. ಅದಕ್ಕೆ ನಾಳೆಯೇ ಕೊನೆ. ಆಮೇಲೆ ಆ ನಂಬರು ಹಿಡಿದು ದಾಖಲೆ ಕಚೇರಿಗೆ ಬರೆದರೆ ಸೈನಿಕನ ಅಪ್ಪನ ಹೆಸರು, ಊರು, ಎಲ್ಲ ತಾಳೆ ಆಗಿ ಬರುತ್ತದೆ ಎಂದು ಜಂಪಣ್ಣ ಫೋನಿನಲ್ಲಿ ಹೇಳಿದ್ದ. ಲತಾ ಆ ಸುದ್ದಿಯನ್ನು ನಿನ್ನೆ ಉಣ್ಣುವಾಗ ಅಜ್ಜಿಗೂ ಹೇಳಿದ್ದಳು.

ಕೊನೆಗೆ ಪದಕ ನೋಡಿದ್ದು ಯಾರು ಎಂದು ಕೇಳಿದ ಜಂಪಣ್ಣ. ಯಾವಾಗ?

ನಾನೇ, ನಿನ್ನೆ ಸಂಜೆ ಎಂದಳು ಲತಾ. ನೀವು ಬಂದ ಮೇಲೆ ಒಟ್ಟಿಗೆ ನಂಬರು ಬರೆದುಕೊಂಡರಾಯಿತು ಎಂದು ಹಾಗೇ ಇಟ್ಟಿದ್ದಳು.

ಆ ಹೊತ್ತಿಗೆ ಲತಾಳ ತಮ್ಮ ಜುಂಜೇಶ್ ಬಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಯಾರೂ ಏನೂ ಕೇಳುವ ಮೊದಲೇ, ಬೇಕಾದರೆ ನನ್ನ ಗಾಡಿ ನೋಡಿಕೊಳ್ಳಿ ಎಂದ. ಹಿಂದೊಮ್ಮೆ ಅದೇ ಪದಕವನ್ನು ಗೂಡ್ಸ್ ಆಟೋದ ಕನ್ನಡಿಗೆ ನೇತುಹಾಕಿ ಅಜ್ಜಿಯಿಂದ ಬೈಸಿಕೊಂಡಿದ್ದ. ಆದರೆ ನಿನ್ನೆ ಮಧ್ಯಾಹ್ನವೇ ಈರುಳ್ಳಿ ಹೇರಿಕೊಂಡು ದಾವಣಗೆರೆಗೆ ಹೋದವನು ಈಗಷ್ಟೇ ಬಂದಿದ್ದ. ಮಂಡಿಯ ಚೀಟಿ ಜೇಬಿನಲ್ಲಿತ್ತು.

ಹೊಸದುರ್ಗದ ಪರಮೇಶನ ಮೇಲೂ ಲತಾಗೆ ಗುಮಾನಿ. ಹಳೆಯ ನಾಣ್ಯ, ಪದಕ ಕೊಳ್ಳುವವನು; ನಾಲ್ಕು ದಿನದ ಹಿಂದೆ ಬಂದು ಕೇಳಿ ಹೋಗಿದ್ದ. ಆದರೆ ಅವನು ಹೋದ ಮೇಲೂ ಪದಕ ಪೆಟ್ಟಿಗೆಯಲ್ಲೇ ಇತ್ತಲ್ಲ? ಆಮೇಲೆ ಹಟ್ಟಿಗೆ ಹೊರಗಿನವರು ಯಾರೂ ಕಾಲಿಟ್ಟಿಲ್ಲ.

ಉಳಿದವಳು ಅಜ್ಜಿ ಚಿತ್ತಮ್ಮ. ಸೊಂಟಕ್ಕೆ ಎಲೆಅಡಿಕೆಯ ಸಂಚಿ ಸಿಕ್ಕಿಸಿ, ಕಂಬಕ್ಕೆ ಒರಗಿ ಕೂತಿದ್ದಳು.

"ಅಂಚಿನಾಗೆ ಏನ್ ಬರೆದಿತ್ತಕ್ಕ?" ಎಂದು ಕೇಳಿದ ಜಂಪಣ್ಣ.

"ಬೋರಪ್ಪ ಅಂತ. ಮಿಲಿಟ್ರಿಯಾಗೆ ಬೋರಪ್ಪ ಅಂತ್ಲೇ ಕರೀತಿದ್ರು."

ಹಟ್ಟಿಯಲ್ಲಿ ಒಬ್ಬನಿಗೆ ಎರಡು ಹೆಸರಿರುವುದು ಹೊಸದೇನಲ್ಲ. ಕಾಟಲಿಂಗಪ್ಪ ಹೊಳಲ್ಕೆರೆ ಕಡೆಯಿಂದ ಬಂದ ಮನೆಅಳಿಯ. ಅವನ ಹಿಂದಿನದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಿಲಿಟರಿಗೆ ಹೋದಾಗ ಬೋರಪ್ಪನಿಗೆ ಮೀಸೆಯೂ ಸರಿಯಾಗಿ ಬಂದಿರಲಿಲ್ಲ, ಬೋರಪ್ಪ ಹಿರಿಯೂರಿನಲ್ಲಿ ಬಸ್ಸು ಹತ್ತಿದ್ದ ಎಂದೆಲ್ಲ ಚಿತ್ತಮ್ಮ ತಾನಾಗಿಯೇ ಹೇಳಿದಳು. ಜಂಪಣ್ಣ ಸಮಿತಿಯ ಅರ್ಜಿ ತೆಗೆದು, ಮನೆಯಲ್ಲಿ ಕರೆಯುತ್ತಿದ್ದ ಹೆಸರೇನೆಂದು ಕೇಳಿದ. ಚಿತ್ತಮ್ಮ ಸೆರಗು ಬಾಯಿಗೆ ತಂದುಕೊಂಡು, "ಲತಾ, ನೀನೇ ಹೇಳವ್ವ" ಎಂದಳು.

ಲತಾ ಹೇಳಿದ ಕಾಟಲಿಂಗಪ್ಪ ಎಂಬ ಹೆಸರು ಬರೆದು ಜಂಪಣ್ಣನ ಪೆನ್ನು ನಿಂತಿತು.

ಜುಂಜೇಶನನ್ನು ಹಾಲು ತರಲು ಕಳಿಸಿ, ಜಂಪಣ್ಣ ಚಿತ್ತಮ್ಮನ ಎದುರಿಗೆ ಬಂದು ಕೂತ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ.

"ಬಂದು ಒಂದು ಗಂಟೆ ಆತು. ಎಲೆಅಡಿಕೆ ಹಾಕ್ಕಳ್ರಿ ಅಂತ ನೀವು ಅನ್ನಲಿಲ್ಲ. ಸಂಚಿ ಸೊಂಟದಾಗೇ ಐತೆ, ಬಿಚ್ಚಲಿಲ್ಲ. ಯಾಕಕ್ಕ?"

ಚಿತ್ತಮ್ಮನ ಕೈ ಸೊಂಟಕ್ಕೆ ಹೋಯಿತು.

"ಅದೂ ಇರ್ಲಿ. ನಮ್ಮ ಕಮಲಮ್ಮ ನಲವತ್ತು ವರ್ಷ ನನ್ನ ಹೆಸರು ಹೇಳಲಿಲ್ಲ. ಆಸ್ಪತ್ರೆಯಾಗೆ ಕೊನೇ ದಿನ, ಗಂಡನ ಹೆಸರೇನಮ್ಮ ಅಂತ ನರ್ಸು ಕೇಳಿದ್ಲು. ನನ್ನ ಮುಖ ನೋಡಿದ್ಲು, ಹೇಳಲಿಲ್ಲ. ನೀವೂ ಯಜಮಾನ್ರ ಹೆಸರನ್ನ ಮೊಮ್ಮಗಳ ಬಾಯಿಂದ ಹೇಳ್ಸಿದ್ರಿ. ಬೋರಪ್ಪ ಅನ್ನೋ ಹೆಸರನ್ನ ಮಾತ್ರ ಕೇಳಿದ್ದಕ್ಕೂ ಕೇಳದೆ ಇದ್ದದ್ದಕ್ಕೂ ನೀವೇ ಹೇಳಿದ್ರಿ. ಬೋರಪ್ಪ ನಿಮ್ಮ ಯಜಮಾನ್ರಲ್ಲ. ಪದಕ ಎತ್ತಿಟ್ಟೋರು ನೀವು. ಬೋರಪ್ಪ ಯಾರಕ್ಕ?"

ಲತಾ ಅಜ್ಜಿಯನ್ನೇ ನೋಡಿದಳು. ಚಿತ್ತಮ್ಮ ನಿಧಾನವಾಗಿ ಸಂಚಿ ಬಿಚ್ಚಿದಳು. ಒಣ ಎಲೆಗಳ ನಡುವಿನಿಂದ ಪದಕ ತೆಗೆದು ಅಂಗೈ ಮೇಲಿಟ್ಟುಕೊಂಡಳು.

ಬೋರಪ್ಪ ಅವಳ ಸೋದರಮಾವನ ಮಗ, ಹಿರಿಯೂರಿನ ಕಡೆಯವನು. ಮದುವೆಯ ಮಾತಾಗಿತ್ತು. ರಜೆಗೆ ಬಂದಾಗ ಲಗ್ನ ಅಂದಿದ್ದರು. ಬರಲಿಲ್ಲ; ಪದಕ ಬಂತು. ಅವನ ತಾಯಿಗೆ ಹಿಂದೆಮುಂದೆ ಯಾರೂ ಇರಲಿಲ್ಲ. ಸಾಯುವಾಗ, ನೀನೇ ಇಟ್ಟುಕೋ ಎಂದು ಚಿತ್ತಮ್ಮನ ಕೈಗೆ ಹಾಕಿದಳು. ಅಷ್ಟರಲ್ಲಿ ಚಿತ್ತಮ್ಮನಿಗೆ ಬೇರೆ ಮದುವೆಯಾಗಿ ಮಗುವೂ ಇತ್ತು.

"ಮಗ ದೊಡ್ಡವನಾಗಿ ಇದ್ಯಾರ್ದವ್ವ ಅಂತ ಕೇಳ್ದ. ಏನಂತ ಹೇಳ್ಲಿ? ನಿಮ್ಮಪ್ಪಂದು ಅಂದೆ. ಅವ್ರು ಅಲ್ಲೇ ಕಂಬಳಿ ನೇಯ್ತಾ ಕುಂತಿದ್ರು. ಕೇಳಿಸ್ಕಂಡು ಸುಮ್ನಿದ್ರು. ಸಾಯೋವರೆಗೂ ಸುಮ್ನಿದ್ರು." ಚಿತ್ತಮ್ಮ ಮೂಗು ಒರೆಸಿಕೊಂಡಳು. "ಬೋರಪ್ಪಂಗೆ ಅಂತ ನಾನು ಅಳೋ ಹಂಗೂ ಇರ್ಲಿಲ್ಲ. ಹೆಸರು ಹೇಳೋಕೆ ಮಾತ್ರ ಯಾರದೂ ಅಡ್ಡಿ ಇರ್ಲಿಲ್ಲ. ಅದಕ್ಕೇ ಹೇಳ್ತಿದ್ದೆ. ಈಗ ಇವನ ನಂಬ್ರದ ಮ್ಯಾಲೆ ಅವ್ರ ಹೆಸರು ಕಲ್ಲಿಗೆ ಹತ್ತಿದ್ರೆ, ಬೋರಪ್ಪ ಇದ್ದ ಅನ್ನೋದೇ ಇಲ್ದಂಗಾಗ್ತೈತೆ."

"ಹಂಗಾದ್ರೆ ಅಜ್ಜ?" ಲತಾ ಅಜ್ಜನ ಕಂಬಳಿ ಎತ್ತಿಕೊಂಡಳು.

"ಅವ್ರು ಕುರಿ ಕಾದ್ರು, ಸಂಸಾರ ಕಾದ್ರು. ಅವ್ರಿಗೆ ಕಲ್ಲು ಯಾಕವ್ವ, ನೀವಿಲ್ವ?"

ಲತಾ ಅರ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅಜ್ಜ ಬಂದೂಕು ಹಿಡಿದಿದ್ದನೆಂದು ಶಾಲೆಯ ಮಕ್ಕಳಿಗೆಲ್ಲ ಹೇಳಿಕೊಂಡು ಬಂದವಳು. ಕೊನೆಗೆ ಪೆನ್ನು ಈಸಿಕೊಂಡು ಕಾಟಲಿಂಗಪ್ಪ ಎಂಬುದನ್ನು ಹೊಡೆದು ಹಾಕಿ, ಬೋರಪ್ಪ ಎಂದು ಬರೆದಳು. ಪದಕವನ್ನು ಬಿಸಿಲಿಗೆ ಹಿಡಿದು ನಂಬರು ಬರೆದುಕೊಂಡಳು. ಕೊನೆಯಲ್ಲಿ ಒಂದು ಖಾನೆ ಉಳಿಯಿತು: ವಿವರ ಕೊಡುವವರು ಸೈನಿಕನಿಗೆ ಏನಾಗಬೇಕು?

ಹೆಂಡತಿಯಲ್ಲ. ತಂಗಿಯಲ್ಲ. ಲತಾ ಜಂಪಣ್ಣನನ್ನು ನೋಡಿದಳು. ಮೂವತ್ತು ವರ್ಷ ಅರ್ಜಿ ತುಂಬಿಸಿದ ಗುಮಾಸ್ತನಿಗೂ ತೋಚಲಿಲ್ಲ.

"ಹೆಸರು ಹೇಳೋಳು ಅಂತ ಬರಿ" ಎಂದಳು ಚಿತ್ತಮ್ಮ.

ಆಮೇಲೆ ಒಳಗಿನಿಂದ ಹೊಸ ಎಲೆ ತಂದು ಸುಣ್ಣ ಸವರಿ ಜಂಪಣ್ಣನಿಗೆ ಕೊಟ್ಟಳು.

ಸಂಜೆ ಚಿತ್ರದುರ್ಗದಲ್ಲಿ ಬಸ್ಸಿಳಿದು ಜಂಪಣ್ಣ ಮನೆಯ ಬೀಗ ತೆಗೆದ. ಬಾಯಲ್ಲಿ ಇನ್ನೂ ಎಲೆಯ ಖಾರ ಇತ್ತು. ಚಪ್ಪಲಿ ಬಿಟ್ಟು, ದೀಪ ಹಾಕುವ ಮುಂಚೆ, ಮೂರು ವರ್ಷದಲ್ಲಿ ಮೊದಲ ಸಲ, "ಕಮಲಾ" ಎಂದು ಕರೆದ.