ಯಾವರ್ ಜಾಫ್ರಿಯ ವಿದಾಯ ಪತ್ರ

ಆ ಬೆಳಿಗ್ಗೆ ನನಗಿದ್ದದ್ದು ಒಂದೇ ಚಿಂತೆ, ಅದೂ ತೀರಾ ಸಣ್ಣದು. ಸ್ಕೋರ್ ಪುಸ್ತಕದೊಳಗೆ ಇಟ್ಟಿದ್ದ ಒಂದು ಬಿಳಿ ಹಾಳೆ ಕಾಣೆಯಾಗಿತ್ತು. ಕಳೆಯಿತು ಎಂದರೆ, ಅದು ನನ್ನ ಬಳಿಗೆ ಹೇಗೆ ಬಂತು ಎಂಬುದನ್ನೂ ಹೇಳಬೇಕಾಗುತ್ತಿತ್ತು. ಹಾಗಾಗಿ ದಿನಚರಿಯಲ್ಲಿ ‘ಹಾಳೆ ಇಲ್ಲ’ ಎಂದಷ್ಟೇ ಬರೆದು ಮುಚ್ಚಿದೆ.

ಹನ್ನೆರಡೂವರೆಗೆ ಯಾವರ್ ಜಾಫ್ರಿ ನಮ್ಮ ಕೋಣೆಯ ಬಾಗಿಲು ತಳ್ಳಿಕೊಂಡು ಬಂದರು. ಮೂವತ್ತಾರು ವರ್ಷದ ಬ್ಯಾಟ್ಸ್‌ಮನ್. ದೇಶಕ್ಕೆ ಮೂರು ಟೆಸ್ಟ್ ಆಡಿ, ಆಮೇಲೆ ಹತ್ತು ವರ್ಷ ಕರೆಗಾಗಿ ಕಾದವರು.

“ಆಪಾ, ನನ್ನನ್ನ ಬದುಕಿದ್ದಾಗಲೇ ಹೂಳ್ತಿದಾರೆ,” ಎಂದರು. “ನಾನು ನಿವೃತ್ತಿ ಪತ್ರ ಬರೆದಿದೀನಂತೆ. ಕೆಳಗೆ ನನ್ನ ಸಹಿ ಇದೆ. ಸಹಿ ನನ್ನದೇ. ಆದ್ರೆ ಪತ್ರ ನನ್ನದಲ್ಲ!”

ಮೈದಾನಕ್ಕೆಲ್ಲ ಅಕ್ಕನಾದ ದುರ್ದಾನಾ ಆಪಾ ಚಹಾದ ಲೋಟ ಕೆಳಗಿಟ್ಟರು. ಕರಾಚಿಯ ಈ ಮೈದಾನದಲ್ಲಿ ಮೂವತ್ತೈದು ವರ್ಷ ಸ್ಕೋರ್ ಬರೆದವರು ಅವರು. ಪೆವಿಲಿಯನ್ ಹಿಂದಿನ ಈ ಕೋಣೆಯಲ್ಲೇ ವಾಸ. ಕಳುವಾದ ಟ್ರೋಫಿಯಿಂದ ಹಿಡಿದು ರಾತ್ರೋರಾತ್ರಿ ಒದ್ದೆಯಾದ ಪಿಚ್‌ವರೆಗೆ ಮೈದಾನದ ಒಗಟುಗಳೆಲ್ಲ ಅವರ ಬಳಿಗೇ ಬರುತ್ತಿದ್ದವು. ನಾನು ಸಬೀಹಾ, ಗಣಿತದಲ್ಲಿ ಪದವಿ ಮುಗಿಸಿ ಎರಡು ವರ್ಷದಿಂದ ಅವರ ಸಹಾಯಕಿ.

“ತಂಡದ ಘೋಷಣೆ ಎಷ್ಟು ಗಂಟೆಗೆ?”

“ಒಂದಕ್ಕೆ. ಈ ಸಲ ಬಿಟ್ರೆ ಇನ್ನಿಲ್ಲ, ಆಪಾ.”

“ಸಬೀಹಾ, ಪುಸ್ತಕ ತಗೋ. ನಡಿ.”

ಆಯ್ಕೆ ಸಮಿತಿಯ ಸಭಾಕೋಣೆಯಲ್ಲಿ ಇಬ್ಬರಿದ್ದರು. ಮುಖ್ಯ ಆಯ್ಕೆಗಾರ ಇಖ್ಲಾಕ್ ದುರಾನಿಗೆ ಯಾವರ್ ಎಂದರೆ ಮೊದಲಿನಿಂದಲೂ ಆಗದು, ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಇನ್ನೊಬ್ಬ ಆಯ್ಕೆಗಾರ ತೌಕೀರ್ ಬೇಗ್ ವರ್ಷವಿಡೀ ಟೀವಿಯಲ್ಲಿ ಯಾವರ್ ಪರವಾಗಿ ವಾದಿಸಿದವರು.

“ಬಂದ್ರಾ ವಕೀಲರು?” ದುರಾನಿ ನಕ್ಕರು. “ನೋಡಿ ಆಪಾ, ನಿನ್ನೆ ನೂರಾ ನಲವತ್ತೊಂದು ಹೊಡೆದ, ಬೆಳಿಗ್ಗೆ ಪತ್ರ ಬರೆದ, ಈಗ ಇಲ್ಲ ಅಂತಾನೆ. ಇಂಥ ಚಂಚಲ ಮನುಷ್ಯನ್ನ ಕಟ್ಕೊಂಡು ಪ್ರವಾಸ ಹೋಗ್ಲಾ? ಮೊಣಕಾಲು ಬೇರೆ ಅಜ್ಜನದು.”

“ನಿಮ್ಮ ನಾಲಿಗೆಗಿಂತ ನನ್ನ ಮೊಣಕಾಲು ಗಟ್ಟಿ ಇದೆ,” ಎಂದರು ಯಾವರ್.

“ಸಾಕು, ಯಾವರ್ ಮಿಯಾ,” ತೌಕೀರ್ ಅವರ ಭುಜ ಹಿಡಿದರು. “ನೂರಾ ಮೂವತ್ತೇಳು ಹೊಡೆದ ಮರುದಿನ ಈ ಗತಿ ಯಾರಿಗೂ ಬರಬಾರದು. ನಾನು ಎಷ್ಟು ಜಗಳ ಆಡಿದೆ ನಿನಗೋಸ್ಕರ! ಆದ್ರೆ ಸಹಿ ಇದೆಯಲ್ಲಪ್ಪ. ಮರ್ಯಾದೆಯಿಂದ ಒಪ್ಕೊಂಡುಬಿಡು.”

ಆಪಾ ಪತ್ರ ಓದಿ ನನ್ನ ಕೈಗೆ ಕೊಟ್ಟರು. ಕಂಪ್ಯೂಟರಿನಲ್ಲಿ ಮುದ್ರಿಸಿದ ಐದೇ ಸಾಲು. ‘ನಿನ್ನೆಯ ನೂರಾ ಮೂವತ್ತೇಳು ರನ್ನುಗಳೊಂದಿಗೆ ನನ್ನ ಆಟ ಪೂರ್ಣಗೊಂಡಿದೆ. ನನ್ನ ಹೆಸರನ್ನು ಇನ್ನು ಪರಿಗಣಿಸಬೇಡಿ.’ ಆಮೇಲೆ ನಾಲ್ಕು ಬೆರಳು ಖಾಲಿ ಜಾಗ. ತೀರಾ ಕೆಳಗೆ ಸಹಿ, ಸಹಿಯಡಿ ಅವರ ಟೆಸ್ಟ್ ಕ್ಯಾಪ್‌ನ ಸಂಖ್ಯೆ, ಅಂದರೆ ದೇಶಕ್ಕೆ ಟೆಸ್ಟ್ ಆಡಿದವರಲ್ಲಿ ಅವರು ಎಷ್ಟನೆಯವರು ಎಂಬ ಅಂಕಿ.

ಸಹಿಯನ್ನು ಇನ್ನೊಮ್ಮೆ ನೋಡಿದೆ. ಅದು ನನ್ನ ಹಾಳೆ.

ಸ್ಕೋರರ್ ಆದವರು ಆಟಗಾರರಲ್ಲಿ ಸಹಿ ಕೇಳಕೂಡದು, ಕೇಳಿದವರು ಮರುದಿನ ಬರಬೇಕಿಲ್ಲ. ಈ ನಿಯಮವನ್ನು ನಮ್ಮ ಕೋಣೆಯ ಬಾಗಿಲಿಗೆ ಅಂಟಿಸಿದವರು ಇದೇ ದುರಾನಿ. ನಾನು ಪತ್ರವನ್ನು ಮೇಜಿನ ಮೇಲಿಟ್ಟು ಗೋಡೆಗೆ ಒರಗಿ ನಿಂತೆ.

“ಎಲ್ಲರೂ ಕೂತ್ಕೊಳ್ಳಿ,” ಎಂದರು ಆಪಾ. “ದುರಾನಿ ಸಾಹೇಬ್ರೆ, ಯಾವರ್ ಒಪ್ಪಂದದ ಕಾಗದ ನಿಮ್ಮ ಕಡತದಲ್ಲಿರುತ್ತೆ, ತೆಗೀರಿ. ಅಲ್ಲಿ ಸಹಿ ಕೆಳಗೆ ಕ್ಯಾಪ್ ಸಂಖ್ಯೆ ಇದೆಯಾ?”

ದುರಾನಿ ಕಡತ ತಿರುವಿದರು. “ಇಲ್ಲ.”

“ಯಾಕಿರುತ್ತೆ? ಆ ಸಂಖ್ಯೆ ಬರೆಯೋದು ಅಭಿಮಾನಿಗಳಿಗೆ ಸಹಿ ಕೊಡುವಾಗ. ದೇಶಕ್ಕೆ ಆಡಿದ ನಿಮಗೆಲ್ಲ ಅದು ಎಷ್ಟು ಅಭ್ಯಾಸ ಅಂದ್ರೆ, ಕಣ್ಣಿಗೇ ಬೀಳಲ್ಲ. ಈ ಪತ್ರ ಮಾಡಿದವನ ಕಣ್ಣಿಗೂ ಬಿದ್ದಿಲ್ಲ. ಯಾರೋ ಖಾಲಿ ಹಾಳೆ ಮೇಲೆ ಸಹಿ ಪಡೆದಿದಾರೆ. ಮೇಲಿನ ಜಾಗದಲ್ಲಿ ಪತ್ರ ಬಂದು ಕೂತಿದೆ. ಈಗ ಹೇಳು ಯಾವರ್, ನಿನ್ನೆ ಎಷ್ಟು ಹೊಡೆದೆ?”

“ನೂರಾ ನಲವತ್ತೊಂದು! ಊರಿಗೆಲ್ಲ ಗೊತ್ತು.”

“ಊರಿಗೆಲ್ಲ ತಪ್ಪು ಗೊತ್ತು. ಆಟ ಮುಗಿದ ಮೇಲೆ ಅಂಪೈರ್ ನಮ್ಮ ಕೋಣೆಗೆ ಬಂದ್ರು. ಕೊನೇ ಬೌಂಡರಿ ಬ್ಯಾಟಿಗೆ ತಾಗಿರಲಿಲ್ಲ, ಪ್ಯಾಡಿಗೆ ತಾಗಿ ಹೋಗಿದ್ದು ಅಂದ್ರು. ನಾಲ್ಕು ರನ್ ತೆಗೆದು ಪುಸ್ತಕ ತಿದ್ದಿದ್ವಿ. ಅಷ್ಟರಲ್ಲಿ ಪತ್ರಿಕೆಯವರು ಸುದ್ದಿ ಕಳಿಸಿ ಆಗಿತ್ತು. ನೂರಾ ಮೂವತ್ತೇಳು ಅಂತ ಇರೋದು ಈ ಪುಸ್ತಕದಲ್ಲಿ ಮಾತ್ರ. ಹೊಡೆದವನಿಗೇ ಗೊತ್ತಿಲ್ಲದ ಲೆಕ್ಕ ಅವನ ಪತ್ರದಲ್ಲಿ ಹೇಗೆ ಬಂತು?”

ಯಾವರ್ ಪುಸ್ತಕವನ್ನು ತಮ್ಮತ್ತ ಎಳೆದುಕೊಂಡರು.

“ಹಾಗಾದ್ರೆ ನಿಮ್ಮ ಕೋಣೆಯವರದೇ ಕೆಲಸ!” ದುರಾನಿ ನನ್ನತ್ತ ಬೆರಳು ಮಾಡಿದರು. “ಈ ಮೂಗಿ ಹುಡುಗಿ ಇದ್ದಾಳಲ್ಲ.”

“ಅವಸರ ಬೇಡ. ನೀವು ಪುಸ್ತಕ ನೋಡಿದ್ದು ಯಾವರ್ ಔಟಾದ ಮೇಲೆ, ಚಹಾ ವಿರಾಮದಲ್ಲಿ, ತಿದ್ದೋ ಮೊದಲು. ಅದಕ್ಕೇ ಈಗಲೂ ನಲವತ್ತೊಂದು ಅಂತಿದೀರಿ. ತಿದ್ದಿದ ಕೂಡಲೇ, ಇಂದಿನ ಸಭೆಗೆ ಬೇಕು ಅಂತ ಪುಸ್ತಕ ಮನೆಗೆ ಒಯ್ದವರು ಬೇರೆ. ಬೆಳಿಗ್ಗೆ ತಂದುಕೊಟ್ಟವರೂ ಅವರೇ. ನಾವು ಬಂದಾಗಲೇ ನೂರಾ ಮೂವತ್ತೇಳು ಅಂದವರೂ ಅವರೇ. ಅಲ್ವಾ, ತೌಕೀರ್ ಭಾಯ್? ಯಾವರ್ ಜಾಗಕ್ಕೆ ಕಾಯ್ತಿರೋ ಹುಡುಗ ನಿಮ್ಮದೇ ಅಕಾಡೆಮಿಯವನು. ಟೀವಿಯಲ್ಲಿ ಯಾವರ್‌ಗೆ ಜೈ, ಒಳಗೆ ಅವನಿಗೆ ಕತ್ತರಿ.”

ತೌಕೀರ್ ಮುಖದ ನಗು ಮಾಸಲಿಲ್ಲ. “ಪುಸ್ತಕ ಓದಿದೆ, ಲೆಕ್ಕ ನೆನಪಿತ್ತು, ಅಂದೆ. ಅದೇ ಅಪರಾಧವಾ? ಸಹಿ ಹಾಕಿದ ಖಾಲಿ ಹಾಳೆ ನನಗೇನು ಆಕಾಶದಿಂದ ಉದುರ್ತಾ? ಅದನ್ನ ತೋರಿಸಿ ಆಪಾ. ಇಲ್ಲಾಂದ್ರೆ ಕೈ ಮುಗಿದು ಹೊರಗೆ ನಡೀರಿ.”

“ಸರಿಯಾದ ಪ್ರಶ್ನೆ,” ಎಂದರು ದುರಾನಿ. “ಉತ್ತರ ಇಲ್ಲದಿದ್ರೆ ಪತ್ರ ನಿಜ ಅಂತಲೇ ಲೆಕ್ಕ. ಒಂದಾಗೋಕೆ ಹತ್ತು ನಿಮಿಷ ಇದೆ.”

ಆಪಾ ಕನ್ನಡಕ ತೆಗೆದು ದುಪಟ್ಟಾದ ಅಂಚಿನಿಂದ ನಿಧಾನವಾಗಿ ಒರೆಸತೊಡಗಿದರು. ನನ್ನತ್ತ ನೋಡಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಈಗಲೂ ತಿಳಿಯದು. ಯಾವರ್ ಕುರ್ಚಿಯಿಂದ ಎದ್ದರು. ಔಟೆಂದು ಅಂಪೈರ್ ಬೆರಳೆತ್ತಿದಾಗ ಹೊರಡುವಂತೆ, ಯಾರನ್ನೂ ನೋಡದೆ. ಹತ್ತು ವರ್ಷ ಅವರು ಹೀಗೇ ನಡೆದು ಹೋಗುವುದನ್ನು ನಾನು ಗ್ಯಾಲರಿಯಿಂದ ನೋಡಿದ್ದೆ, ದಿನಚರಿಯಲ್ಲಿ ಬರೆದಿದ್ದೆ, ಯಾರಿಗೂ ಏನೂ ಹೇಳಿರಲಿಲ್ಲ.

“ನಿಲ್ಲಿ.” ದನಿ ನನ್ನದೇ ಎಂದು ತಿಳಿಯಲು ನನಗೇ ಒಂದು ಕ್ಷಣ ಬೇಕಾಯಿತು.

ಎಲ್ಲರೂ ತಿರುಗಿದರು.

“ಆ ಹಾಳೆ ನನ್ನದು. ಮೊನ್ನೆ ಮೆಟ್ಟಿಲ ಹತ್ರ ನಾನೇ ಸಹಿ ಕೇಳಿದೆ. ಮೇಲೆ ನಿಮ್ಮ ಫೋಟೋ ಅಂಟಿಸ್ಕೋತೀನಿ, ಕೆಳಗೆ ಹಾಕಿ ಅಂದಿದ್ದೆ ಯಾವರ್ ಭಾಯ್. ನಿನ್ನೆ ಸಂಜೆ ತೌಕೀರ್ ಸಾಹೇಬರಿಗೆ ಪುಸ್ತಕ ಕೊಟ್ಟಾಗ ಅದು ಪುಸ್ತಕದೊಳಗೇ ಇತ್ತು. ಬೆಳಿಗ್ಗೆ ಪುಸ್ತಕ ವಾಪಸ್ ಬಂದಾಗ ಇರಲಿಲ್ಲ; ನಿಯಮ ಗೊತ್ತು, ನಾಳೆಯಿಂದ ನಾನು ಬರಲ್ಲ.”