ಮ್ಯಾಟು ಕೊಯ್ದ ಕೈ

2006ರ ಆ ಭಾನುವಾರ ಬೆಳಿಗ್ಗೆ, ಮೈದಾನ ನೋಡಿಕೊಳ್ಳುವ ಅಂಕಯ್ಯ ಶೆಡ್ಡಿನ ಬೀಗ ತೆಗೆದಾಗ, ಪಿಚ್ಚಿಗೆ ಹಾಸುವ ನಮ್ಮ ನಾರಿನ ಮ್ಯಾಟು ಎರಡು ತುಂಡಾಗಿ ಬಿದ್ದಿತ್ತು. ಹತ್ತು ಗಂಟೆಗೆ ಮಾಗಡಿ ತಂಡದ ಜೊತೆ ಕ್ರಿಕೆಟ್ ಪಂದ್ಯ. ಅದನ್ನು ನೋಡಲು ಅಧಿಕಾರಿಯೊಬ್ಬರು ಬರುವವರಿದ್ದರು. ನಮ್ಮೂರು ಕೂಟಗಲ್ಲಿನ ಮೈದಾನದಲ್ಲಿ ಯಾರೂ ಆಡುವುದಿಲ್ಲ, ಲಾರಿ ನಿಲ್ಲಿಸಲು ಕೊಡಿ ಎಂದು ಹೊಸ ಕಾರ್ಖಾನೆಯವರು ಅರ್ಜಿ ಹಾಕಿದ್ದರು. ಪಂದ್ಯ ನಿಂತರೆ ಮೈದಾನ ಹೋದಂತೆಯೇ.

"ಕೀ ಇರೋದು ಅಂಕಯ್ಯನ ಮನೇಲಿ. ಇನ್ಯಾರ್ ಕುಯ್ತಾರೆ?" ಎಂದ ನಮ್ಮ ಓಪನರ್ ಯೋಗಾನಂದ. ಕುಡುಗೋಲು ಹಿಡಿದೇ ಬಂದಿದ್ದ. "ನಾನಂತೂ ಕೋಳಿ ಕೂಗ್ದಾಗಿಂದ ಸೊಪ್ಪು ಕುಯ್ದು ರೇಷ್ಮೆ ಹುಳಕ್ಕೆ ಹಾಕ್ತಿದ್ದೆ. ಈಗ ಬತ್ತಾ ಇವ್ನಿ."

ಇಪ್ಪತ್ತು ವರ್ಷ ಆ ಮ್ಯಾಟು ಹಾಸಿ, ಸುತ್ತಿ, ಒಣಗಿಸಿದ ಅಂಕಯ್ಯ ಎರಡು ತುಂಡನ್ನೂ ಜೋಡಿಸಿ ನೋಡುತ್ತಿದ್ದ. ಅವನ ಕಣ್ಣು ತುಂಬಿದ್ದು ಕಂಡು, ಅಂಪೈರಾದ ನನಗೆ ಮೈಯೆಲ್ಲ ಉರಿದುಹೋಯಿತು. ಸ್ಕೋರು ಬರೆಯುವ ವೆಂಕಟಲಕ್ಷ್ಮಮ್ಮ ಟೀಚರನ್ನು ಕರೆತಂದೆ. ಊರಿನಲ್ಲಿ ಏನು ಕಳುವಾದರೂ ಅವರೇ ನಮ್ಮ ಪತ್ತೇದಾರರು.

ಟೀಚರ್ ಮ್ಯಾಟಿನ ಅಂಚು ಸವರಿ ನೋಡಿದರು. ಆಮೇಲೆ, ಆಟ ನೋಡಲು ಬಂದು ಕೂತಿದ್ದ ಯೋಗಾನಂದನ ತಾಯಿ ಚಿಕ್ಕಲಕ್ಷ್ಮಮ್ಮನ ಹತ್ತಿರ ಹೋದರು. "ಏನಮ್ಮ, ಹುಳ ಬಿಟ್ಟು ಬಂದಿದ್ದೀಯ?"

"ನೆನ್ನೆ ಸಂಜೆನೇ ಮೂರ್ನೇ ಜ್ವರಕ್ಕೆ ಕೂತವೆ ಕಣಮ್ಮ. ಇವತ್ತು ಒಸಿ ಬಿಡುವು."

ಟೀಚರ್ ಎಲ್ಲರನ್ನೂ ಪಿಚ್ಚಿನ ಸುತ್ತ ಸೇರಿಸಿದರು.

"ಕೀ ಅಂಕಯ್ಯನ ಜಗಲಿ ಮೊಳೆಗೆ ನೇತಾಡ್ತಿರುತ್ತೆ, ಇಡೀ ತಂಡಕ್ಕೇ ಗೊತ್ತು. ಹಾಗಾಗಿ ಕೀ ಮಾತು ಬಿಡಿ. ಮ್ಯಾಟಿನ ಅಂಚು ಹಲ್ಲು ಹಲ್ಲಾಗಿದೆ, ಕುಯ್ದಿರೋದು ಕುಡುಗೋಲಲ್ಲಿ. ಯೋಗಾನಂದ, ಜ್ವರ ಅಂದ್ರೆ ಹುಳ ಪೊರೆ ಬಿಡೋ ಹೊತ್ತು, ಸೊಪ್ಪು ಮುಟ್ಟಲ್ಲ. ದಿನಾ ಹೇಳೋ ನೆಪ ಇವತ್ತೂ ಬಾಯಿಗೆ ಬಂತು. ಎಲ್ಲಿ, ಕುಡುಗೋಲು ಕೊಡು."

ಕುಡುಗೋಲಿನ ಹಲ್ಲಿನ ಸಂದಿಯಲ್ಲಿ ಎಲೆಯ ಹಸಿರಿರಲಿಲ್ಲ. ತೆಂಗಿನ ನಾರು ಸಿಕ್ಕಿಕೊಂಡಿತ್ತು.

"ಪಂದ್ಯ ನಿಲ್ಸಿದ್ರೆ ಕಾರ್ಖಾನೇಲಿ ಕೆಲ್ಸ ಕೊಡ್ತೀವಿ ಅಂದ್ರು," ಎಂದು ಯೋಗಾನಂದ ತಲೆ ತಗ್ಗಿಸಿದ.

"ಕೆಲ್ಸ ಕೇಳೋದು ತಪ್ಪಲ್ಲ ಕಣ್ಲಾ," ಎಂದ ಅಂಕಯ್ಯ. "ನನ್ ತಲೆಗೆ ಕಟ್ಬುಟ್ಟೆಯಲ್ಲ."

ಟೀಚರ್ ಸ್ಕೋರ್ ಪುಸ್ತಕದಲ್ಲಿ ಯೋಗಾನಂದನ ಹೆಸರು ಹೊಡೆದುಹಾಕಿ, ಅಂಕಯ್ಯನ ಹೆಸರು ಬರೆದರು. "ಹಬೀಬ್, ಸ್ಟಂಪ್ ನೆಡು. ಬರೀ ಮಣ್ಣಿನ ಮೇಲೇ ಆಡ್ತೀವಿ," ಎಂದರು ನನಗೆ.

ಅಂಕಯ್ಯ ಪಂಚೆ ಎತ್ತಿ ಕಟ್ಟಿ ಬ್ಯಾಟು ಹಿಡಿದ. ಮಾಗಡಿಯವರ ಮೊದಲ ಚೆಂಡು ಮಣ್ಣಿನಿಂದ ಎಗರಿ ಅವನ ಪಕ್ಕೆಗೆ ಬಡಿಯಿತು. ಅವನು ಕದಲಲಿಲ್ಲ. ಎರಡನೆಯದನ್ನು ಬೀಸಿ ಹೊಡೆದ. ಅದು ಆಗಷ್ಟೇ ಬಂದು ನಿಂತ ಅಧಿಕಾರಿಯ ಜೀಪಿಗೆ ಢಣ್ ಎಂದು ಬಡಿಯಿತು.

"ಯಾರ್ರೀ ಅದು?" ಎನ್ನುತ್ತ ಅಧಿಕಾರಿ ಇಳಿದರು.

"ಅಂಕಯ್ಯ ಸಾ, ಬರ್ಕೊಳ್ಳಿ," ಎಂದ ಅವನು, ಪಕ್ಕೆ ಒತ್ತಿ ಹಿಡಿದುಕೊಂಡೇ. "ಇಲ್ಲಿ ಆಡೋನು ನಾನೇ."