ಅಮ್ಮನ ಎದುರು ಹಾಡದ ಪದ

“ಸ್ವಲ್ಪ ನಿಲ್ಲಿಸ್ರಿ! ಪಕ್ಕದ ಕೋಣೇಲಿ ಮಕ್ಕಳಿಗೆ ಕೋಲಾಟದ ತಾಳವೇ ಕೇಳ್ತಿಲ್ಲ!”

ಬಾಗಿಲು ತಳ್ಳಿ ಒಳಗೆ ಬಂದ ಮಾನಸ ಅಲ್ಲೇ ನಿಂತುಬಿಟ್ಟಳು. ಬಹರೈನಿನ ಮನಾಮದ ಕನ್ನಡ ಸಂಘದ ಆ ಕೋಣೆಯಲ್ಲಿ ಎಂಟು ಗಂಡಸರು ಸಾಲಾಗಿ ನಿಂತು ಒಂದು ದಪ್ಪ ಹಗ್ಗ ಎಳೆಯುತ್ತಿದ್ದರು. ಹಗ್ಗದ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು.

ಎಲ್ಲರಿಗಿಂತ ಮುಂದೆ ನಿಂತು ಪದ ಹೇಳಿಕೊಡುತ್ತಿದ್ದವನು ತಿರುಗಿ ನೋಡಿದ.

“ಐದು ನಿಮಿಷ ಮಾರಾಯ್ರೆ. ಬಲೆ ಅರ್ಧಕ್ಕೆ ಬಿಡ್ಲಿಕ್ಕೆ ಆಗ್ತದಾ?”

“ಎಲ್ಲೈತ್ರಿ ಬಲೆ?”

“ನೀವೊಮ್ಮೆ ಹಗ್ಗ ಹಿಡೀರಿ. ಗೊತ್ತಾಗ್ತದೆ.”

ಸಿಟ್ಟಿನಲ್ಲೇ ಹಿಡಿದಳು. ಅವನು ಒಂದು ಸಾಲು ಹೇಳಿದ, ಉಳಿದ ಏಳು ಮಂದಿ ಒಂದೇ ಉಸಿರಿನಲ್ಲಿ ಉತ್ತರ ಕೊಟ್ಟರು. ಹಗ್ಗ ಬಿಗಿಯಿತು. ಅವಳಿಗೆ ಅರಿವಿಲ್ಲದೆಯೇ ಅವಳ ಕೈಯೂ ಎಳೆಯಿತು!

‘ಅಯ್ಯೋ... ನಾನು ಜಗಳ ಮಾಡೋಕೆ ಬಂದಿದ್ದಲ್ವಾ?’

ಅವನ ಹೆಸರು ಕುಶಲ. ಗಂಗೊಳ್ಳಿ ಹತ್ತಿರದ ಒಂದೇ ಊರಿನ ಎಂಟು ಮಂದಿ ಅವರು, ಮೀನುಗಾರರ ಮನೆಯವರು. ಬಹರೈನಿನಲ್ಲಿ ಒಬ್ಬ ಡ್ರೈವರ್, ಒಬ್ಬ ಗುಮಾಸ್ತ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಕುಶಲ ಜುಫೈರಿನಲ್ಲಿ ಹಡಗಿನ ಸಾಮಾನಿನ ಗೋದಾಮು ನೋಡಿಕೊಳ್ಳುತ್ತಿದ್ದ. ಊರಲ್ಲಿ ದಡಕ್ಕೆ ದೊಡ್ಡ ಬಲೆ ಎಳೆಯುವಾಗ ಹಿರಿಯರು ಹೇಳುತ್ತಿದ್ದ ಪದಗಳನ್ನು ಈ ಸಲದ ರಾಜ್ಯೋತ್ಸವಕ್ಕೆ ಹಾಡುವುದೆಂದು ಹೊರಟಿದ್ದರು. ಅದು ೧೯೯೫ನೇ ಇಸವಿ.

ಮಾನಸ ದಾವಣಗೆರೆಯವಳು. ಉಮ್ ಅಲ್ ಹಸ್ಸಮ್‌ನಲ್ಲಿ ಅಣ್ಣ ಜಯದೇವನ ಮನೆಯಲ್ಲಿದ್ದುಕೊಂಡು ಮಾಹೂಝ್‌ನ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಕಾರ್ಯಕ್ರಮದ ನಿರೂಪಣೆ ಅವಳದೇ. ಪದಗಳ ಅರ್ಥ ಗೊತ್ತಿಲ್ಲದೆ ಜನರಿಗೆ ಏನು ಹೇಳುವುದು? ಹಾಗಾಗಿ ಮುಂದಿನ ಶುಕ್ರವಾರದಿಂದ ಟೇಪ್ ರೆಕಾರ್ಡರ್ ಹಿಡಿದು ಅವರ ಪ್ರಾಕ್ಟೀಸಿಗೆ ಹೋಗತೊಡಗಿದಳು.

ಕುಶಲ ಒಂದೊಂದೇ ಸಾಲು ಬಿಡಿಸಿ ಹೇಳುತ್ತಿದ್ದ. ಅವಳು ಬರೆದುಕೊಳ್ಳುತ್ತಿದ್ದಳು. ಬರೆಯುವುದು ಮುಗಿದರೂ ಮಾತು ಮುಗಿಯುತ್ತಿರಲಿಲ್ಲ...

ಮೂರನೇ ಶುಕ್ರವಾರ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಅವನೊಬ್ಬನೇ ಮೆಲ್ಲಗೆ ಒಂದು ಪದ ಹೇಳಿದ.

“ತೆರೆಯೇ ತೆರೆಯೇ, ಒಂಚೂರ್ ತಡಿ... ಮನೆಗ್ ಹೋಪುಕೆ ದಾರಿ ಬಿಡ್...”

ಟೇಪ್ ಓಡುತ್ತಿತ್ತು.

“ಇದು ಎಷ್ಟು ಚೆನ್ನಾಗೈತ್ರಿ! ಇದನ್ನೂ ಸ್ಟೇಜಲ್ಲಿ ಹಾಡ್ರಿ.”

“ಇಲ್ಲ. ಇದು ಬೇಡ,” ಎಂದು ಅವನು ಎದ್ದು ಹೋದ.

ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಬೇಕಿತ್ತು.

ಆ ವಾರ ತಂಡದ ಹಿರಿಯ ವಸಂತಕುಮಾರಣ್ಣ ರಜೆಯ ಮೇಲೆ ಊರಿಗೆ ಹೊರಟರು. ಕುಶಲನ ದನಿ ಕೇಳಿದರೆ ಊರಲ್ಲಿರುವ ಅವನ ತಾಯಿಗೆ ಎಷ್ಟು ಖುಷಿಯಾದೀತು ಎಂದುಕೊಂಡ ಮಾನಸ, ಕ್ಯಾಸೆಟ್ಟಿನ ಒಂದು ಪ್ರತಿ ಮಾಡಿ ವಸಂತಕುಮಾರಣ್ಣನ ಕೈಗೆ ಕೊಟ್ಟಳು. ಕುಶಲನಿಗೆ ಹೇಳಲಿಲ್ಲ. ಅಮ್ಮನೇ ಅವನಿಗೆ ಹೇಳಲಿ ಎಂಬ ಆಸೆ ಅವಳದು.

ಹತ್ತು ದಿನದ ಮೇಲೆ ಕುಶಲ ಕ್ಲಿನಿಕ್ಕಿಗೇ ಬಂದ. ಮುಖ ಕಪ್ಪಿಟ್ಟಿತ್ತು.

“ಕ್ಯಾಸೆಟ್ ಕಳಿಸಿದ್ದು ನೀವಾ?”

“ಹೌದು... ಅಮ್ಮ ಕೇಳಿದ್ರಾ?”

“ಕೇಳಿದ್ರು. ಎರಡು ದಿನದಿಂದ ಊಟ ಮಾಡ್ಲಿಲ್ಲವಂತೆ. ಊರಿಂದ ನಮ್ಮ ತಂಡದ ರೂಪೇಶನಿಗೆ ಫೋನ್ ಬಂದಿತ್ತು.” ಅವನು ಕೌಂಟರಿಗೆ ಕೈ ಊರಿದ. “ಅದು ನನ್ನ ಅಪ್ಪನ ಪದ. ಅಪ್ಪ ಕಡಲಿಗೆ ಹೋದವರು ವಾಪಸ್ ಬರ್ಲಿಲ್ಲ. ನನಗೆ ಆಗ ಹದಿನಾಲ್ಕು. ಅವತ್ತಿಂದ ಅಮ್ಮನ ಎದುರು ಆ ಪದ ನಾನು ಹೇಳಿದ್ದಿಲ್ಲ. ಒಂದು ಮಾತು ನನ್ನನ್ನು ಕೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?”

ಅವನು ಬಾಗಿಲ ಕಡೆ ತಿರುಗಿದ.

“ನನ್ನ ಹೆಸರು ಕಾರ್ಯಕ್ರಮದಿಂದ ತೆಗೆದುಬಿಡಿ.”

ಅವನು ಹೋದ. ಅವಳು ಬಾತ್‌ರೂಮಿಗೆ ಹೋಗಿ ಅತ್ತು, ಮುಖ ತೊಳೆದು, ಉಳಿದ ರಕ್ತದ ಸ್ಯಾಂಪಲ್‌ಗಳನ್ನು ನೋಡಿ ಮುಗಿಸಿದಳು.

‘ತಪ್ಪು ನಂದು. ಆ ತಾಯಿ ಹತ್ರ ನಾನೇ ಕ್ಷಮೆ ಕೇಳ್ಬೇಕು.’

ಮರುದಿನ ಬೆಳಿಗ್ಗೆ ಮನೆ ಹತ್ತಿರದ ‘ಕೋಲ್ಡ್ ಸ್ಟೋರ್’ ಎಂಬ ಕಿರಾಣಿ ಅಂಗಡಿಯಲ್ಲಿ ಫೋನ್ ಕಾರ್ಡ್ ಕೊಂಡು, ಹೊರಗಿನ ಬೂತಿನಿಂದ ವಸಂತಕುಮಾರಣ್ಣನ ಮನೆಗೆ ಫೋನ್ ಮಾಡಿದಳು. ಅವರು ಕುಶಲನ ಅಮ್ಮನನ್ನು ಕರೆಸಿದರು.

“ಅಮ್ಮಾ... ಆ ಕ್ಯಾಸೆಟ್ ಕಳಿಸಿದ್ದು ನಾನು. ತಪ್ಪಾಯ್ತು. ನನಗೆ ಗೊತ್ತಿರ್ಲಿಲ್ಲ.”

ಆ ಕಡೆಯಿಂದ ತಾಯಿಯ ದನಿ ಬಂತು.

“ತಪ್ಪ್ ಎಂತದ್ ಹೆಣ್ಣೇ? ನಂಗೆ ಅನ್ನ ಸೇರ್ಲಿಲ್ಲ, ಅದ್ ಹೌದ್. ಹನ್ನೆರಡ್ ವರ್ಷ ಆಯ್ತ್ ಆ ದನಿ ಕೇಂಡ್. ಮಗ ಅಪ್ಪನ್ ಪದ ಮರ್ತೇ ಬಿಟ್ಟ ಅಂದೇಳಿ ನಾನ್ ಎಣ್ಸಿದ್ದೆ... ಅವ ಎಂತಕ್ ಫೋನ್ ಮಾಡ್ತಿಲ್ಲ? ಸಿಟ್ಟಾ ನನ್ ಮೇಲೆ?”

ಮಾನಸಳ ಕಣ್ಣು ತುಂಬಿತು. ಅಮ್ಮ ನೊಂದುಕೊಳ್ಳುತ್ತಾರೆಂದು ಮಗ ಹಾಡಿರಲಿಲ್ಲ. ಮಗ ಮರೆತನೆಂದು ಅಮ್ಮ ಹಾಡು ಎಂದು ಕೇಳಿರಲಿಲ್ಲ!

“ನೀವು ಅಲ್ಲೇ ಇರ್ರಿ ಅಮ್ಮಾ. ಒಂದು ಗಂಟೇಲಿ ನಿಮ್ಮ ಮಗ ಫೋನ್ ಮಾಡ್ತಾರೆ.”

ಟ್ಯಾಕ್ಸಿ ಹಿಡಿದು ಜುಫೈರಿಗೆ ಹೋದಳು. ಗೋದಾಮಿನ ಎದುರು ಕುಶಲ ಲಾರಿಯಿಂದ ಬಣ್ಣದ ಡಬ್ಬಿ ಇಳಿಸುತ್ತಿದ್ದ. ಅವಳನ್ನು ಕಂಡು ಮುಖ ತಿರುಗಿಸಿದ.

“ಸುದ್ದಿ ಬಂದ ಮೇಲೆ ಅಮ್ಮನ ಜೊತೆ ನೀವು ಮಾತಾಡಿದ್ರಾ?”

“...ಇಲ್ಲ. ಧೈರ್ಯ ಬರ್ಲಿಲ್ಲ.”

“ನಾನು ಮಾತಾಡಿದೆ. ನೀವು ಅಪ್ಪನ ಪದ ಮರೆತಿರಿ ಅಂದ್ಕೊಂಡಿದ್ರಂತೆ ಅವರು. ಫೋನ್ ಹತ್ರಾನೇ ಕಾಯ್ತಾ ಕೂತಾರೆ.” ಕಾರ್ಡನ್ನು ಮುಂದೆ ಹಿಡಿದಳು. “ಆಮೇಲೆ ಬೇಕಾದ್ರೆ ನನ್ನ ಬೈರಿ.”

ರಸ್ತೆ ಬದಿಯ ಬೂತಿನಲ್ಲಿ ಅವನು ನಂಬರು ಒತ್ತಿದ. “ಅಮ್ಮಾ...” ಅಂದವನು ಅವರ ಮಾತೆಲ್ಲ ಕೇಳಿಸಿಕೊಂಡ. ಆಮೇಲೆ ಗೋಡೆಗೆ ಹಣೆ ಒತ್ತಿ, ಏರುಬಿಸಿಲಿನಲ್ಲಿ, ಕಾರುಗಳ ಸದ್ದಿನ ನಡುವೆ ಹಾಡತೊಡಗಿದ. ಒಂದು ಕಡೆ ದನಿ ಒಡೆಯಿತು. ನಿಲ್ಲಿಸಲಿಲ್ಲ. ಪದ ಮುಗಿಯುವಷ್ಟರಲ್ಲಿ ಕಾರ್ಡೂ ಮುಗಿಯಿತು.

ಕಣ್ಣೊರೆಸಿಕೊಂಡು ಹೊರಗೆ ಬಂದ.

“ಸ್ಟೇಜಿನಲ್ಲೂ ಹೇಳ್ಬೇಕಂತೆ. ಅಮ್ಮನ ಅಪ್ಪಣೆ.”

“ಹಾಗಾದ್ರೆ ನಿಮ್ಮ ಹೆಸರು ತೆಗೆಯಲ್ಲ.”

“ನಿನ್ನೆ ಜೋರು ಮಾಡಿದೆ. ಬೇಜಾರು ಮಾಡ್ಬೇಡಿ ಮಾನಸ.”

ಮೊದಲ ಸಲ ಅವನು ಅವಳ ಹೆಸರು ಹಿಡಿದು ಕರೆದಿದ್ದ.

ಕುಶಲ ಖಾಲಿ ಕಾರ್ಡನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಕೊನೆಗೆ ಕೇಳಿದ, “ಕುಂದಾಪುರದಿಂದ ದಾವಣಗೆರೆಗೆ ನೇರ ಬಸ್ ಉಂಟಾ?”

“ಗೊತ್ತಿಲ್ಲ. ಶಿವಮೊಗ್ಗದಲ್ಲಿ ಬದಲಾಯಿಸಬಹುದು. ಯಾಕ್ರಿ?”

“ಏಪ್ರಿಲಿನಲ್ಲಿ ನನಗೆ ರಜೆ. ಅಮ್ಮನನ್ನು ಕರ್ಕೊಂಡು ನಿಮ್ಮಪ್ಪನ ಹತ್ರ ಮಾತಾಡ್ಲಿಕ್ಕೆ ಬರುವಾ ಅಂತ... ನಿಮಗೆ ಒಪ್ಪಿಗೆ ಇದ್ರೆ ಮಾತ್ರ.”

ಅವಳು ತಲೆ ತಗ್ಗಿಸಿದಳು. ನಗು ತಡೆಯಲಾಗಲಿಲ್ಲ.

“ನಮ್ಮನೇಲಿ ಮೀನು ಮಾಡಲ್ಲ. ಅಪ್ಪ ಅಷ್ಟು ಸುಲಭಕ್ಕೆ ಒಪ್ಪೋರೂ ಅಲ್ಲ.”

“ಒಪ್ಪುವವರೆಗೆ ಬರ್ತಾ ಇರ್ತೇನೆ. ಊಟಕ್ಕೆ ಪಲ್ಯ ಸಾಕು.”

“ಹಾಗಾದ್ರೆ... ಬರ್ರಿ,” ಅಂದಳು ಮಾನಸ. “ನಾನೂ ಏಪ್ರಿಲಿಗೇ ರಜೆ ಕೇಳ್ತೀನಿ.”